ನೋಲನ್ ನಕ್ಷೆ: ಸ್ವಾತಂತ್ರ್ಯದ ಅಳತೆ ಮತ್ತು ಅದರ ಮಿತಿ

ರಾಜಕೀಯ ನಿಲುವುಗಳನ್ನೆಲ್ಲ ಎಡ, ಬಲ ಎಂಬ ಒಂದೇ ಗೆರೆಯ ಮೇಲೆ ಕೂರಿಸುವ ರೂಢಿಯನ್ನು ಅಮೆರಿಕದ ಡೇವಿಡ್ ನೋಲನ್ (1943–2010) ಒಪ್ಪಲಿಲ್ಲ. 1971ರಲ್ಲಿ ‘ದಿ ಇಂಡಿವಿಜುಯಲಿಸ್ಟ್’ ಪತ್ರಿಕೆಯಲ್ಲಿ ಅವರು ಮುಂದಿಟ್ಟ ನಕ್ಷೆಯಲ್ಲಿ ಗೆರೆಗಳು ಎರಡು. ಒಂದು ಆರ್ಥಿಕ ಸ್ವಾತಂತ್ರ್ಯವನ್ನು ಅಳೆಯುತ್ತದೆ, ಇನ್ನೊಂದು ವೈಯಕ್ತಿಕ ಸ್ವಾತಂತ್ರ್ಯವನ್ನು. ವ್ಯಾಪಾರಕ್ಕೆ ಸರ್ಕಾರ ಕೈಹಾಕಬಾರದು, ಆದರೆ ಜನರ ನಡತೆಯ ಮೇಲೆ ಕಣ್ಣಿಡಬೇಕು ಎನ್ನುವವರು ಒಂದು ಮೂಲೆಗೆ ಸೇರುತ್ತಾರೆ. ಇದಕ್ಕೆ ತದ್ವಿರುದ್ಧವಾಗಿ ಯೋಚಿಸುವವರು ಎದುರಿನ ಮೂಲೆಗೆ. ಎರಡರಲ್ಲೂ ಸರ್ಕಾರದ ಹಿಡಿತ ಬೇಕೆನ್ನುವವರಿಗೊಂದು ಮೂಲೆ, ಎರಡರಲ್ಲೂ ಬೇಡವೆನ್ನುವ ಲಿಬರ್ಟೇರಿಯನ್ನರಿಗೊಂದು ಮೂಲೆ.

ನಕ್ಷೆಯ ಉಪಯೋಗ ಏನೆಂಬುದಕ್ಕೆ ಅದೇ ವರ್ಷ ಸಾಕ್ಷಿ ಸಿಕ್ಕಿತು. ಆಗಸ್ಟ್ 15ರಂದು ರಿಪಬ್ಲಿಕನ್ ಅಧ್ಯಕ್ಷ ರಿಚರ್ಡ್ ನಿಕ್ಸನ್ ಕೂಲಿ ಮತ್ತು ಬೆಲೆಗಳನ್ನು 90 ದಿನ ಏರದಂತೆ ತಡೆಹಿಡಿದರು, ಡಾಲರಿಗೂ ಚಿನ್ನಕ್ಕೂ ಇದ್ದ ನಂಟನ್ನು ಕಡಿದರು. ವಿಯೆಟ್ನಾಂ ಯುದ್ಧಕ್ಕಾಗಿ ಯುವಕರನ್ನು ಸೈನ್ಯಕ್ಕೆ ಕಡ್ಡಾಯವಾಗಿ ಸೇರಿಸಿಕೊಳ್ಳುವುದೂ ನಡೆದಿತ್ತು. ‘ಬಲಪಂಥ’ ಎಂಬ ಒಂದೇ ಹೆಸರು ಇದನ್ನೆಲ್ಲ ವಿವರಿಸಲಾರದು. ಎರಡು ಗೆರೆಗಳ ನಕ್ಷೆ ವಿವರಿಸಬಲ್ಲದು. ಡಿಸೆಂಬರ್ 11ರಂದು ಕೊಲೊರಾಡೊದಲ್ಲಿ ನೋಲನ್ ಮತ್ತು ಸಂಗಡಿಗರು ಲಿಬರ್ಟೇರಿಯನ್ ಪಕ್ಷವನ್ನು ಕಟ್ಟಿದರು. 1972ರ ಚುನಾವಣೆಯಲ್ಲಿ ಅದಕ್ಕೆ ಬಿದ್ದ ಜನಮತ ಕೆಲವೇ ಸಾವಿರ. ಆದರೂ ವರ್ಜೀನಿಯಾದ ಒಬ್ಬ ರಿಪಬ್ಲಿಕನ್ ಎಲೆಕ್ಟರ್ (ಅಧ್ಯಕ್ಷರನ್ನು ವಿಧ್ಯುಕ್ತವಾಗಿ ಆರಿಸುವ ಪ್ರತಿನಿಧಿ) ನಿಕ್ಸನ್‌ರನ್ನು ಬಿಟ್ಟು ಈ ಪಕ್ಷಕ್ಕೆ ಮತ ಹಾಕಿದ್ದರಿಂದ, ಉಪಾಧ್ಯಕ್ಷ ಅಭ್ಯರ್ಥಿ ಟೋನಿ ನೇಥನ್ ಎಲೆಕ್ಟೋರಲ್ ಮತ ಪಡೆದ ಮೊದಲ ಮಹಿಳೆಯಾದರು.

ನಕ್ಷೆಯ ದೊಡ್ಡ ಕೊರತೆ ಅದು ಏನನ್ನು ಎಣಿಸುವುದಿಲ್ಲ ಎಂಬುದರಲ್ಲಿದೆ. ಸರ್ಕಾರ ಹೇರುವ ಕಟ್ಟು ಮಾತ್ರ ಅದರ ಲೆಕ್ಕಕ್ಕೆ ಬರುತ್ತದೆ. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೊ ಊರಿನ ವುಲ್‌ವರ್ತ್ ಅಂಗಡಿಯಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಊಟದ ಕೌಂಟರಿನಲ್ಲಿ ಕುಳಿತು ಕಾಫಿ ಕೇಳಿದರು. ಅದೇ ಅಂಗಡಿ ಅವರಿಗೆ ಬೇರೆ ಸಾಮಾನು ಮಾರುತ್ತಿತ್ತು. ಕೌಂಟರಿನಲ್ಲಿ ಮಾತ್ರ ಬಡಿಸುತ್ತಿರಲಿಲ್ಲ. ಅದು ಅಂಗಡಿಯ ಪದ್ಧತಿ. ಇಂಥ ಬಹಿಷ್ಕಾರವನ್ನು 1964ರ ನಾಗರಿಕ ಹಕ್ಕುಗಳ ಕಾಯ್ದೆ ಕೊನೆಗಾಣಿಸಿದಾಗ, ನೋಲನ್ ನಕ್ಷೆಯ ಪ್ರಕಾರ ಮಾಲೀಕನ ಆರ್ಥಿಕ ಸ್ವಾತಂತ್ರ್ಯ ಕುಗ್ಗಿತು. ಕೌಂಟರಿನ ಮುಂದೆ ಕೂರುವ ಹಕ್ಕು ಪಡೆದವನ ಸ್ವಾತಂತ್ರ್ಯ ಎಷ್ಟು ಹಿಗ್ಗಿತು ಎಂದು ಬರೆಯಲು ಅಲ್ಲಿ ಗೆರೆಯೇ ಇಲ್ಲ. ವಿದ್ಯಾರ್ಥಿದೆಸೆಯಲ್ಲಿ ನೋಲನ್ ಬೆಂಬಲಿಸಿದ್ದ ರಿಪಬ್ಲಿಕನ್ ನಾಯಕ ಬ್ಯಾರಿ ಗೋಲ್ಡ್‌ವಾಟರ್ ಸೆನೆಟ್‌ನಲ್ಲಿ ಆ ಕಾಯ್ದೆಯ ವಿರುದ್ಧ ಮತ ಹಾಕಿದ್ದರು. ಸ್ವಾತಂತ್ರ್ಯವನ್ನೇ ಅಳೆಯಲು ಹೊರಟ ಸಾಧನಕ್ಕೆ ಇಂಥ ಗೆರೆ ಇಲ್ಲದಿರುವುದು ಸಣ್ಣ ಲೋಪವಲ್ಲ. ಧಣಿ, ಜಮೀನುದಾರ, ನೆರೆಹೊರೆ ಇವರಿಂದ ಬರುವ ದಬ್ಬಾಳಿಕೆಯೂ ಇದೇ ರೀತಿ ನಕ್ಷೆಯಿಂದ ಹೊರಗೆ ಉಳಿಯುತ್ತದೆ.

ಲಿಬರ್ಟೇರಿಯನ್ ಪ್ರಚಾರಕ ಮಾರ್ಷಲ್ ಫ್ರಿಟ್ಜ್ 1980ರ ದಶಕದಲ್ಲಿ ನಕ್ಷೆಯನ್ನು ಕೋನದ ಮೇಲೆ ನಿಲ್ಲಿಸಿ ವಜ್ರಾಕೃತಿ ಮಾಡಿದರು; ಲಿಬರ್ಟೇರಿಯನ್ ಮೂಲೆ ಶಿಖರವಾಯಿತು. ಅದರೊಂದಿಗೆ ಪುಟ್ಟ ಕಾರ್ಡಿನ ಮೇಲೆ ಹತ್ತು ಪ್ರಶ್ನೆಗಳ ಪರೀಕ್ಷೆಯೂ ಬಂತು. ‘ಹೌದು’ ಎಂದರೆ 20 ಅಂಕ, ‘ಇರಬಹುದು’ ಎಂದರೆ 10, ‘ಇಲ್ಲ’ ಎಂದರೆ ಸೊನ್ನೆ. ಪ್ರತಿ ಹೇಳಿಕೆಯೂ ಸರ್ಕಾರ ಹಿಂದೆ ಸರಿಯಲಿ ಎಂಬ ಧಾಟಿಯಲ್ಲೇ ಇರುವುದರಿಂದ, ಎಲ್ಲಕ್ಕೂ ತಲೆಯಾಡಿಸುವವನು ತಾನಾಗಿ ಶಿಖರ ಮುಟ್ಟುತ್ತಾನೆ. ಜನರನ್ನು ಪಕ್ಷದತ್ತ ಸೆಳೆಯಲು ಇದು ಒಳ್ಳೆಯ ಉಪಾಯ. ಅಭಿಪ್ರಾಯ ಅಳೆಯುವ ಕ್ರಮವಾಗಿ ದುರ್ಬಲ.

ಒಂದೇ ಮೂಲೆಯಲ್ಲಿ ನಿಂತವರೂ ಒಂದೇ ಉತ್ತರ ಕೊಡದ ಪ್ರಶ್ನೆಗಳಿವೆ. ಗರ್ಭಪಾತ ಅಂಥದ್ದು. ಅದು ಸ್ತ್ರೀಯ ವೈಯಕ್ತಿಕ ಸ್ವಾತಂತ್ರ್ಯವೇ, ಇನ್ನೊಂದು ಜೀವದ ಮೇಲಿನ ಆಕ್ರಮಣವೇ ಎಂದು ಎರಡು ಗೆರೆಗಳು ತೀರ್ಮಾನಿಸಲಾರವು. 1988ರಲ್ಲಿ ಪಕ್ಷದ ಅಧ್ಯಕ್ಷ ಅಭ್ಯರ್ಥಿಯಾಗಿದ್ದ ಪ್ರಸೂತಿ ವೈದ್ಯ ರಾನ್ ಪಾಲ್ ಗರ್ಭಪಾತದ ಕಟ್ಟಾ ವಿರೋಧಿ. ಸರ್ಕಾರ ಈ ವಿಷಯದಿಂದ ದೂರವಿರಬೇಕು ಎಂಬ ಮಾತು ಪಕ್ಷದ ಪ್ರಣಾಳಿಕೆಯಲ್ಲಿ ಬಹುಕಾಲ ಇತ್ತು. 2022ರ ಅಧಿವೇಶನ ಅದನ್ನು ತೆಗೆದುಹಾಕಿತು.