ವಾಮಂಜೂರಿನ ಆರಂಕಿ

ವಾಮಂಜೂರಿನ ಪಿನ್ ಕೋಡ್ 575028. ಪಿಲಿಕುಳಕ್ಕೆ ಹೋಗುವ ಪತ್ರಕ್ಕೂ ಸೇಂಟ್ ಜೋಸೆಫ್ ಎಂಜಿನಿಯರಿಂಗ್ ಕಾಲೇಜಿನ ಲಕೋಟೆಗೂ ಇದೇ. ಮೊದಲ ಮೂರಂಕಿ ಮಂಗಳೂರಿನದು, ಉಳಿದ ಮೂರು ಅಂಚೆ ಕಚೇರಿಯದು. 1972ರಲ್ಲಿ ಈ ಪದ್ಧತಿ ತಂದ ಅಂಚೆ ಇಲಾಖೆಗೆ ಅಷ್ಟು ಸಾಕಿತ್ತು. ಅಂಕಿಯ ಹುಚ್ಚು ಹಿಡಿದವರಿಗೆ ಸಾಲದು.

ಒಡೆದು ನೋಡಿ: 36 × 15973. ಮೂವತ್ತಾರು ಸುಲಭವಾಗಿ ಪುಡಿಯಾಗುತ್ತದೆ, 15973 ಜಗ್ಗುವುದಿಲ್ಲ, ಅದು ಅವಿಭಾಜ್ಯ. (ನಂಬಿಕೆಯಿಲ್ಲದವರು 113ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಲಿ. ಮುಂದಿನದಾದ 127ರ ವರ್ಗವೇ 16129, ಅಲ್ಲಿಗೆ ಹೋಗುವ ಅಗತ್ಯವಿಲ್ಲ.) ಒಟ್ಟು 18 ಭಾಜಕಗಳು. ತನ್ನನ್ನು ಬಿಟ್ಟು ಉಳಿದವನ್ನು ಕೂಡಿದರೆ 878606, ತನಗಿಂತ ಹೆಚ್ಚು. ಆದ್ದರಿಂದ ಇದು ಅಧಿಕ ಸಂಖ್ಯೆ. ನನಗಿದು ದೊಡ್ಡ ಬಿರುದೆಂದು ಅನ್ನಿಸಿಲ್ಲ. ಆರರ ಮಗ್ಗಿಯಲ್ಲಿ ಆರನ್ನು ದಾಟಿದ ಎಲ್ಲವೂ ಅಧಿಕವೇ.

ಸೊಗಸಿರುವುದು ಬೇರೆಡೆ. 732ರ ವರ್ಗ 535824, 198ರ ವರ್ಗ 39204, ಕೂಡಿದರೆ ವಾಮಂಜೂರು! ಎರಡು ವರ್ಗಗಳ ಮೊತ್ತವಾಗಿ ಇದನ್ನು ಬರೆಯಲು ಇನ್ನೊಂದು ಜೋಡಿಯೇ ಇಲ್ಲ. ನಾಲ್ಕರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯಗಳೆಲ್ಲ ಎರಡು ವರ್ಗಗಳ ಮೊತ್ತವೆಂದು 17ನೇ ಶತಮಾನದಲ್ಲಿ ಫರ್ಮಾ ಹೇಳಿದ. ಸಾಧಿಸಿ ತೋರಿಸಿದವನು ಆಯ್ಲರ್. 15973 ಆ ಜಾತಿಯದು: 122 ಮತ್ತು 33ರ ವರ್ಗಗಳ ಮೊತ್ತ. ಎರಡನ್ನೂ ಆರು ಪಟ್ಟು ಮಾಡಿದರೆ ಮೇಲಿನ ಜೋಡಿ ಸಿಗುತ್ತದೆ. 3, 7, 11ರಂತೆ ಶೇಷ 3 ಬರುವ ಅವಿಭಾಜ್ಯಗಳು ಮಾತ್ರ ಜೋಡಿಜೋಡಿಯಾಗಿಯೇ ಬರಬೇಕು, ಒಂಟಿಯಾದರೆ ಕೆಲಸ ಕೆಟ್ಟಿತು. ಸುರತ್ಕಲ್ ಎನ್‌ಐಟಿಕೆಯ 575025ರಲ್ಲಿ 3 ಒಂಟಿ. ಮಂಗಳೂರು ಪ್ರಧಾನ ಅಂಚೆ ಕಚೇರಿಯ 575001ರಲ್ಲಿ 7 ಒಂಟಿ. ಇಬ್ಬರಿಗೂ ಈ ಭಾಗ್ಯವಿಲ್ಲ, ಪಾಪ.

ದೇವಳಾಲಿಯ ಶಾಲಾ ಮಾಸ್ತರ ಡಿ. ಆರ್. ಕಾಪ್ರೇಕರರ ಪರೀಕ್ಷೆಯಲ್ಲಿ ಮಾತ್ರ ವಾಮಂಜೂರು ಫೇಲು. ಅಂಕಿಗಳ ಮೊತ್ತದಿಂದ ಸಂಖ್ಯೆ ನಿಶ್ಶೇಷವಾಗಿ ಭಾಗವಾದರೆ ಅವರು ಅದನ್ನು ಹರ್ಷದ ಸಂಖ್ಯೆ ಎಂದರು. ನಮ್ಮದರ ಮೊತ್ತ 27, ಶೇಷ 9. ಆದರೆ ಅವರದೇ ಇನ್ನೊಂದು ಆಟ ನನಗೆ ಹೆಚ್ಚು ಪ್ರಿಯ: ಅಂಕಿಗಳನ್ನು ಇಳಿಕೆಯಲ್ಲಿ ಬರೆದು, ಏರಿಕೆಯಲ್ಲಿ ಬರೆದದ್ದನ್ನು ಕಳೆಯುತ್ತ ಹೋಗುವುದು. ಎಲ್ಲ ಅಂಕಿಯೂ ಒಂದೇ ಆಗಿರದಿದ್ದರೆ ನಾಲ್ಕಂಕಿಯ ಸಂಖ್ಯೆ 6174ಕ್ಕೆ ಬಂದು ನಿಲ್ಲುತ್ತದೆ. ಇಲ್ಲಿ 875520ರಿಂದ 025578 ಕಳೆದರೆ 849942. ಆಮೇಲೆ 753543, 420876. ಅಲ್ಲಿಂದ 851742, 750843, 840852, 860832, 862632, 642654, ಮತ್ತೆ 420876! ಆರಂಕಿಯವಕ್ಕೆ 549945, 631764 ಎಂಬ ಎರಡು ತಂಗುದಾಣಗಳಿವೆ. ವಾಮಂಜೂರು ಎರಡರಲ್ಲೂ ಇಳಿಯುವುದಿಲ್ಲ.