ಹಸಿರನ್ನು ಒಣಗಿಸಿದ ಬಣ್ಣ

ಕೋಯೆನ್ ಸಹೋದರರ ‘ಓ ಬ್ರದರ್, ವೇರ್ ಆರ್ಟ್ ದೌ?’ (2000) ಚಿತ್ರಕ್ಕೆ ಸಿನಿಮಾ ಚರಿತ್ರೆಯಲ್ಲಿ ಒಂದು ಖಾಯಂ ಬಿರುದಿದೆ: ಮೊದಲಿನಿಂದ ಕೊನೆಯವರೆಗೆ ಕಂಪ್ಯೂಟರಿನಲ್ಲೇ ಬಣ್ಣ ತಿದ್ದಿದ ಹಾಲಿವುಡ್‌ನ ಮೊದಲ ಕಥಾಚಿತ್ರ. ಎರಡು ವರ್ಷ ಮೊದಲೇ ಬಂದಿದ್ದ ‘ಪ್ಲೆಸೆಂಟ್‌ವಿಲ್’ ಈ ದಾರಿಯಲ್ಲಿ ಬಹುದೂರ ನಡೆದಿತ್ತು. ಯಾವುದು ಮೊದಲು ಎಂಬ ಆ ವಾದ ಹಳೆಯದು. ಆದರೆ ಈ ಬಿರುದೇ ಚಿತ್ರಕ್ಕೆ ಅನ್ಯಾಯ ಮಾಡಿದೆ. ನಮ್ಮ ಚಿತ್ರರಂಗ ಡಿಐ (ಡಿಜಿಟಲ್ ಇಂಟರ್‌ಮೀಡಿಯೆಟ್) ಎಂದು ಕರೆಯುವ ಕೆಲಸಕ್ಕೆ ಇದನ್ನು ಮೂಲವೆಂದು ಹೊಗಳುವವರು, ಆ ಬಣ್ಣ ಕಥೆಗೆ ಏನು ಮಾಡಿತೆಂದು ಕೇಳುವುದೇ ಇಲ್ಲ.

ಕಥೆ ಆರ್ಥಿಕ ಕುಸಿತದ ಕಾಲದ, 1937ರ ಮಿಸಿಸಿಪಿಯದು. ಅದಕ್ಕೆ ಬೇಕಾಗಿದ್ದದ್ದು ಕೈಯಲ್ಲಿ ಬಣ್ಣ ಹಚ್ಚಿದ ಹಳೆಯ ಪೋಸ್ಟ್‌ಕಾರ್ಡಿನಂಥ, ಧೂಳು ಹಿಡಿದ ನೆಲ. ಆದರೆ ಚಿತ್ರೀಕರಣ ನಡೆದ 1999ರ ಬೇಸಿಗೆಯಲ್ಲಿ ಅಲ್ಲಿನ ಕಾಡು ಹೊಲಗಳೆಲ್ಲ ಹಚ್ಚಹಸಿರು. ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಮೊದಲು ಲ್ಯಾಬಿನ ರಾಸಾಯನಿಕ ವಿಧಾನಗಳನ್ನೇ ಪರೀಕ್ಷಿಸಿದರು. ಲ್ಯಾಬಿನಲ್ಲಿ ಕೆಂಪು, ಹಸಿರು, ನೀಲಿ ಬೆಳಕಿನ ಪ್ರಮಾಣವನ್ನು ಏರಿಳಿಸಬಹುದು, ಆದರೆ ಅದು ಇಡೀ ಫ್ರೇಮಿಗೆ ತಟ್ಟುತ್ತದೆ. ಎಲೆಯ ಹಸಿರು ತಗ್ಗಿಸಹೋದರೆ ಮುಖವೂ ಬಣ್ಣಗೆಡುತ್ತದೆ. ಫಿಲ್ಮಿನಲ್ಲಿ ಬೆಳ್ಳಿಯನ್ನು ಉಳಿಸಿಕೊಳ್ಳುವ ಬ್ಲೀಚ್ ಬೈಪಾಸ್ ಎಲ್ಲ ಬಣ್ಣಗಳನ್ನೂ ಒಟ್ಟಿಗೇ ಮಂಕಾಗಿಸಿ ನೆರಳನ್ನು ಗಡುಸಾಗಿಸುತ್ತದೆ. ಹಾಗಾಗಿ ನೆಗೆಟಿವ್ ಅನ್ನು ಸ್ಕ್ಯಾನ್ ಮಾಡಿ, ಸಿನೆಸೈಟ್ ಸಂಸ್ಥೆಯಲ್ಲಿ ವಾರಗಟ್ಟಲೆ ಕೂತು, ಹಸಿರಿನ ಛಾಯೆಗಳನ್ನಷ್ಟೇ ಹೆಕ್ಕಿ ಒಣಹುಲ್ಲಿನ ಹಳದಿಯತ್ತ ಸರಿಸಲಾಯಿತು.

ಇದರ ಫಲವನ್ನು ದೀಕ್ಷಾಸ್ನಾನದ ದೃಶ್ಯದಲ್ಲಿ ನೋಡಬೇಕು. ತಪ್ಪಿಸಿಕೊಂಡ ಮೂವರು ಕೈದಿಗಳು ಕಾಡಿನಲ್ಲಿದ್ದಾರೆ. ಮರಗಳ ಸಂದಿಯಿಂದ ಬಿಳಿಯುಟ್ಟ ಜನ ಹಾಡುತ್ತ ಬಂದು ನದಿಗಿಳಿಯುತ್ತಾರೆ. ಎಲೆಗಳು ಹಸಿರಾಗಿಯೇ ಉಳಿದಿದ್ದರೆ ಬಿಳಿ ಬಟ್ಟೆ ಎದ್ದು ಕಂಡು, ಕಾಡು ತಂಪೆನಿಸಿ, ನೀರು ಬರೀ ಸುಂದರ ಹಿನ್ನೆಲೆಯಾಗುತ್ತಿತ್ತು. ಒಣಗಿದ ಹಳದಿಯೊಳಗೆ ಆ ಜನ ಕಾಡಿನಿಂದಲೇ ಒಸರಿ ಬಂದಂತಿದ್ದಾರೆ. ನದಿ ಬರಗಾಲದ ನಾಡು ಹುಡುಕಿಕೊಂಡು ಬಂದ ನೀರಾಗಿದೆ. ಆ ಮೂವರಲ್ಲೊಬ್ಬನಾದ ಡೆಲ್ಮರ್ ಒಮ್ಮೆಗೇ ಎದ್ದು ನೀರಿಗೆ ನುಗ್ಗಿದಾಗ ಆ ಓಟ ನಗೆ ತರಿಸುತ್ತದೆ, ನಂಬಿಕೆಯನ್ನೂ ಹುಟ್ಟಿಸುತ್ತದೆ. ಅವನ ಪಾಪಭಯಕ್ಕೆ ಬಾಯಾರಿಕೆಯ ತೀವ್ರತೆ ಕೊಟ್ಟದ್ದು ಸಂಭಾಷಣೆಯಲ್ಲ, ಸುತ್ತಲಿನ ಒಣ ಬಣ್ಣ. ದಡದಲ್ಲೇ ನಿಂತು ಮೂದಲಿಸುವ ಜೊತೆಗಾರ ಎವೆರೆಟ್‌ನ ವಿಚಾರವಾದ ಪೊಳ್ಳೆನಿಸುವುದಕ್ಕೂ ಇದೇ ಕಾರಣ. ಆ ನೆಲದ ದಾಹ ಅವನಿಗೆ ತಟ್ಟಿಲ್ಲ.

ಎಲ್ಲೆಡೆಯೂ ಈ ಕಸುವು ಇಲ್ಲ. ವರ್ಣದ್ವೇಷಿ ಕೂ ಕ್ಲಕ್ಸ್ ಕ್ಲಾನಿನ ರಾತ್ರಿಸಭೆಯಲ್ಲಿ ಒಣಗಿಸಲು ಹಸಿರೇ ಇಲ್ಲ. ಅಲ್ಲಿನ ಭೀತಿಯೆಲ್ಲ ಬೆಂಕಿ ಮತ್ತು ಸಾಲುನಡಿಗೆಯದು.

ಇಷ್ಟು ಕಂಡ ಮೇಲೆ ಒಂದು ಆರೋಪವನ್ನು ಎದುರಿಸಲೇಬೇಕು. ಮುಂದಿನ ದಶಕದಲ್ಲಿ ಪರದೆಯನ್ನು ಆವರಿಸಿದ ಕಿತ್ತಳೆ-ನೀಲಿಹಸಿರಿನ ಚಾಳಿಗೆ ಈ ಚಿತ್ರವೇ ಬಾಗಿಲು ತೆರೆಯಿತೆಂದು ಕೆಲವು ವಿಮರ್ಶಕರು ದೂರುತ್ತಾರೆ. ಉಪಕರಣದ ಮಟ್ಟಿಗೆ ಅದು ನಿಜ, ಕಲೆಯ ಮಟ್ಟಿಗೆ ಶುದ್ಧ ತಪ್ಪು. ಆ ಚಾಳಿ ಮೈಬಣ್ಣವನ್ನು ಕಿತ್ತಳೆಗೂ ನೆರಳನ್ನು ನೀಲಿಹಸಿರಿಗೂ ಎಳೆದು ಮನುಷ್ಯನನ್ನು ಅವನ ಜಾಗದಿಂದ ಕಿತ್ತು ಮುಂದೆ ನಿಲ್ಲಿಸುತ್ತದೆ. ಡೀಕಿನ್ಸ್ ಮಾಡಿದ್ದು ಇದರ ತದ್ವಿರುದ್ಧ. ಮುಖ, ಅಂಗಿ, ಹೊಲ, ರಸ್ತೆ ಎಲ್ಲವೂ ಒಂದೇ ಮಣ್ಣಿನ ಬಳಗಕ್ಕೆ ಸೇರಿ, ಜಾರ್ಜ್ ಕ್ಲೂನಿಯಂಥ ತಾರೆಯ ಮುಖವೂ ಧೂಳಿನಲ್ಲಿ ಬೆರೆಯುತ್ತದೆ. ಗ್ರೀಕ್ ಮಹಾಕಾವ್ಯ ‘ಒಡಿಸ್ಸಿ’ಯ ಜಾಡಿನಲ್ಲಿ ಮನೆಗೆ ಹೊರಟ ಎವೆರೆಟ್‌ನನ್ನು ಹೆಜ್ಜೆಹೆಜ್ಜೆಗೂ ನೆಲವೇ ನುಂಗಲು ಬಂದಂತೆ ಕಾಣುವುದು ಇದರಿಂದ. ರೆಡಿಮೇಡ್ ಬಣ್ಣಸೂತ್ರ (ಲಟ್) ಒಂದನ್ನು ಯಾವ ದೃಶ್ಯಕ್ಕಾದರೂ ಹೊದಿಸಿ ಮೂಡ್ ಬಂತೆನ್ನುವವರ ಜೊತೆ ಈ ಚಿತ್ರವನ್ನು ಕೂರಿಸುವುದು ಸಲ್ಲದು. ಇಲ್ಲಿನ ಒಣಬಣ್ಣ ಮೇರಿ ಝೋಫ್ರೆಸ್ ಅವರ ವೇಷಭೂಷಣದಲ್ಲಿ, ಡೆನ್ನಿಸ್ ಗ್ಯಾಸ್ನರ್ ಅವರ ಕಲಾವಿನ್ಯಾಸದಲ್ಲಿ ಕ್ಯಾಮೆರಾದ ಎದುರೇ ಇತ್ತು. ಬಣ್ಣ ತಿದ್ದುವ ಗ್ರೇಡಿಂಗ್‌ಗೆ ಬಾಕಿ ಉಳಿದದ್ದು ಯಾರ ಮಾತನ್ನೂ ಕೇಳದ ಎಲೆಗಳು ಮಾತ್ರ.