ಆ ಫಲಕ ತೆಗೆದವರು ಯಾರು?

ಅಮೆರಿಕದಲ್ಲಿ ಫೆಬ್ರವರಿ ಕಪ್ಪು ಜನರ ಇತಿಹಾಸದ ತಿಂಗಳು. ಇತಿಹಾಸಕಾರ ಕಾರ್ಟರ್ ಜಿ. ವುಡ್ಸನ್ 1926ರಲ್ಲಿ ಒಂದು ವಾರದ ಆಚರಣೆಯಾಗಿ ಶುರುಮಾಡಿದ್ದು 1976ರ ಹೊತ್ತಿಗೆ ಇಡೀ ತಿಂಗಳಿಗೆ ಹಬ್ಬಿತು. ಈಗ ಶಾಲೆಗಳ ಜೊತೆ ಕಚೇರಿಗಳೂ ಅದನ್ನು ಆಚರಿಸುತ್ತವೆ. ಕಚೇರಿಯಲ್ಲಿ ತೋರಿಸಲು ಹೇಳಿ ಮಾಡಿಸಿದಂಥ ಸಿನಿಮಾ 2016ರ 'ಹಿಡನ್ ಫಿಗರ್ಸ್'.

ಬಾಹ್ಯಾಕಾಶ ಯಾನದ ಲೆಕ್ಕಗಳನ್ನು ಮಾಡಿದ ಕ್ಯಾಥರೀನ್ ಜಾನ್ಸನ್, ಡೊರೊತಿ ವಾನ್ ಮತ್ತು ಮೇರಿ ಜಾಕ್ಸನ್ ಎಂಬ ಮೂವರು ಕಪ್ಪು ಮಹಿಳೆಯರ ಕತೆ ಅದು. ಅಲ್ಲಿಯವರೆಗೆ ಹೆಚ್ಚಿನವರಿಗೆ ಗೊತ್ತೇ ಇರದಿದ್ದ ಈ ಹೆಸರುಗಳನ್ನು ಮನೆಮಾತಾಗಿಸಿದ ಶ್ರೇಯಸ್ಸು ಆ ಸಿನಿಮಾಕ್ಕೆ ಸಲ್ಲಬೇಕು. ಆದರೆ ಎಲ್ಲರೂ ಚಪ್ಪಾಳೆ ತಟ್ಟುವ ಅದರ ಒಂದು ದೃಶ್ಯವೇ ನನ್ನ ತಕರಾರು.

ಕ್ಯಾಥರೀನ್ ಶೌಚಾಲಯಕ್ಕೆ ಹೋಗಲು ದಿನವೂ ದೂರದ ಕಟ್ಟಡಕ್ಕೆ ಓಡಬೇಕು. ವಿಷಯ ತಿಳಿದ ಬಿಳಿಯ ಮೇಲಧಿಕಾರಿ ಎಲ್ಲರೆದುರು 'ಕಪ್ಪು ಮಹಿಳೆಯರಿಗೆ' ಎಂಬ ಫಲಕವನ್ನು ಹೊಡೆದು ಉರುಳಿಸುತ್ತಾನೆ. ಇಂಥ ಘಟನೆ ನಡೆದೇ ಇಲ್ಲ. ಆ ಅಧಿಕಾರಿಯೂ ಕಲ್ಪಿತ ಪಾತ್ರ. ನಿಜವಾದ ಕ್ಯಾಥರೀನ್ ತನ್ನ ಕಟ್ಟಡದಲ್ಲಿದ್ದ, ಫಲಕವಿಲ್ಲದ ಶೌಚಾಲಯವನ್ನೇ ಬಳಸಿದರು. ಯಾರೋ ಆಕ್ಷೇಪಿಸಿದಾಗಲೂ ಬಿಡಲಿಲ್ಲ.

ಸಿನಿಮಾಕ್ಕೆ ಆಧಾರವಾದ ಮಾರ್ಗೊ ಲೀ ಶೆಟರ್ಲಿ ಅವರ ಪುಸ್ತಕದಲ್ಲಿ ಇನ್ನೊಂದು ಫಲಕದ ಕತೆಯಿದೆ. 1943ರಲ್ಲಿ ವರ್ಜೀನಿಯಾದ ಲ್ಯಾಂಗ್ಲಿ ಪ್ರಯೋಗಾಲಯ ಕಪ್ಪು ಮಹಿಳೆಯರನ್ನು ಲೆಕ್ಕ ಮಾಡುವ ಕೆಲಸಕ್ಕೆ ಸೇರಿಸಿಕೊಂಡಿತು. ಆಗ 'ಕಂಪ್ಯೂಟರ್' ಎಂದರೆ ಯಂತ್ರವಲ್ಲ, ಲೆಕ್ಕ ಮಾಡುವ ಮನುಷ್ಯರು. ಊಟದ ಹಾಲ್‌ನ ಹಿಂಭಾಗದ ಒಂದು ಮೇಜಿನ ಮೇಲೆ ಅದು ಕಪ್ಪು ಕಂಪ್ಯೂಟರ್‌ಗಳಿಗೆ ಮೀಸಲು ಎಂಬ ಫಲಕ. ಮಿರಿಯಂ ಮಾನ್ ಎಂಬಾಕೆ ಅದನ್ನು ಎತ್ತಿ ತನ್ನ ಕೈಚೀಲಕ್ಕೆ ಹಾಕಿಕೊಂಡರು. ಹೊಸ ಫಲಕ ಬಂತು. ಅದನ್ನೂ ಎತ್ತಿಕೊಂಡರು. ಕೆಲಸ ಹೋದೀತು ಎಂದು ಗಂಡ ಹೆದರಿದರೂ ನಿಲ್ಲಿಸಲಿಲ್ಲ. ಕೊನೆಗೊಂದು ದಿನ ಫಲಕ ಮತ್ತೆ ಬರಲೇ ಇಲ್ಲ.

ಒಳ್ಳೆಯ ಕೆಲಸವನ್ನು ಯಾರು ಮಾಡಿದರೇನು ಎಂದು ಕೇಳಬಹುದು. ವ್ಯತ್ಯಾಸ ದೊಡ್ಡದು. ಸಿನಿಮಾದ ಅಧಿಕಾರಿ ಕಳೆದುಕೊಳ್ಳುವುದು ಏನೂ ಇಲ್ಲ. ಮಿರಿಯಂ ಪ್ರತಿ ಸಲವೂ ತನ್ನ ಅನ್ನವನ್ನೇ ಪಣಕ್ಕಿಟ್ಟಿದ್ದರು. ಸಿನಿಮಾ ಹಕ್ಕನ್ನು ಉಪಕಾರವಾಗಿ ಬದಲಿಸುತ್ತದೆ. ಕಚೇರಿಯಲ್ಲಿ ಕೂತು ನೋಡುವ ಯಜಮಾನರಿಗೆ ಅದು ಹಿತವಾಗಿಯೇ ಇರುತ್ತದೆ.

ಡೊರೊತಿ ವಾನ್ ಅವರ ಕತೆಯಲ್ಲೂ ಹೀಗೇ ಆಗಿದೆ. ಸಿನಿಮಾದ ಕೊನೆಯಲ್ಲಿ, ಅರವತ್ತರ ದಶಕದಲ್ಲಿ, ಅವರಿಗೆ ಮೇಲ್ವಿಚಾರಕಿಯ ಹುದ್ದೆ ಸಿಗುತ್ತದೆ. ನಾವು ನೆಮ್ಮದಿಯಿಂದ ಏಳುತ್ತೇವೆ. ವಾಸ್ತವದಲ್ಲಿ ಅವರು 1949ರಲ್ಲೇ ಕಪ್ಪು ಮಹಿಳೆಯರ ವಿಭಾಗದ ಮುಖ್ಯಸ್ಥೆಯಾಗಿದ್ದರು. 1958ರಲ್ಲಿ ನಾಸಾ ಹುಟ್ಟಿದಾಗ ಪ್ರತ್ಯೇಕ ವಿಭಾಗ ರದ್ದಾಯಿತು. ಅದು ಆಗಬೇಕಾದದ್ದೇ. ಆದರೆ ಅದರೊಂದಿಗೆ ಅವರ ಹುದ್ದೆಯೂ ಹೋಯಿತು. 1971ರಲ್ಲಿ ನಿವೃತ್ತರಾಗುವವರೆಗೂ ಅಂಥ ಹುದ್ದೆ ಮತ್ತೆ ಸಿಗಲಿಲ್ಲ. ಎಲ್ಲರನ್ನೂ ಒಂದೇ ಕೋಣೆಗೆ ಸೇರಿಸುವುದು ಬೇರೆ, ಅಧಿಕಾರದಲ್ಲಿ ಪಾಲು ಕೊಡುವುದು ಬೇರೆ ಎಂಬ ಪಾಠ ಇಲ್ಲಿತ್ತು. ಸಿನಿಮಾ ಕಾಲವನ್ನು ಹಿಂದುಮುಂದು ಮಾಡಿ ಅದನ್ನು ಅಳಿಸಿಹಾಕಿತು.

ಮೇರಿ ಜಾಕ್ಸನ್ 1958ರಲ್ಲಿ ನಾಸಾದ ಮೊದಲ ಕಪ್ಪು ಮಹಿಳಾ ಎಂಜಿನಿಯರ್ ಆದರು. ಸಿನಿಮಾದ ಕಾಲಕ್ಕೆ ಸಿಗದ ಅವರ ಮುಂದಿನ ಹೆಜ್ಜೆ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಬಡ್ತಿಯ ದಾರಿ ಮುಚ್ಚಿದ್ದಾಗ, 1979ರಲ್ಲಿ ಅವರು ತಾವಾಗಿಯೇ ಕೆಳಗಿನ ದರ್ಜೆಗೆ ಇಳಿದು, ಮಹಿಳೆಯರ ನೇಮಕ ಮತ್ತು ಬಡ್ತಿಗೆ ದುಡಿಯುವ ಹುದ್ದೆಯನ್ನು ಒಪ್ಪಿಕೊಂಡರು. ಕಚೇರಿಯಲ್ಲಿ ವೈವಿಧ್ಯ ಎಂದು ನಾವು ಸಲೀಸಾಗಿ ಹೇಳುವ ಮಾತಿಗೆ ಅವರು ತೆತ್ತ ಬೆಲೆ ಅದು.

2021ರ ಫೆಬ್ರವರಿಯಲ್ಲಿ ವಾಷಿಂಗ್ಟನ್ನಿನ ನಾಸಾ ಕೇಂದ್ರ ಕಚೇರಿಗೆ ಮೇರಿ ಅವರ ಹೆಸರಿಡಲಾಯಿತು. ಆ ಗೌರವ ನ್ಯಾಯವಾದದ್ದು. ಆದರೆ ಅಂಥ ಹೆಸರುಗಳನ್ನು ಓದುವಾಗ, ಸಿನಿಮಾ ನೋಡುವಾಗ, ಅಲ್ಲಿ ಕೆಲಸ ಮಾಡುತ್ತಿರುವ ಕೈ ಯಾರದು ಎಂದು ಗಮನಿಸುವುದು ಓದುಗರಾದ ನಮ್ಮ ಹೊಣೆ. ಸಿನಿಮಾ ನೋಡಿದವರು ದಯವಿಟ್ಟು ಪುಸ್ತಕವನ್ನೂ ಓದಿ. ಮಿರಿಯಂ ಮಾನ್ ಅವರ ಕೈಚೀಲ ಇರುವುದು ಅಲ್ಲಿ.